ಗಣಿತದಲ್ಲಿ 2478 ಬಂದಿದೆ, ಇದು ಪಾಸೋ ಫೇಲೋ?

ಪ್ರಶ್ನೆ: ಎರಡು ವರ್ಷಗಳ ಹಿಂದೆ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದೆವು. ಮಗಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ್ದಾಳೆ. ರಾಜ್ಯ ಪರೀಕ್ಷೆಯ ವರದಿ ಬಂದಿದೆ. ಗಣಿತದಲ್ಲಿ 2478, ನಾಲ್ಕು ಹಂತಗಳಲ್ಲಿ ಎರಡನೆಯದು. ಕಳೆದ ವರ್ಷ 2419 ಇತ್ತು, ಆಗಲೂ ಎರಡನೆಯ ಹಂತವೇ. ಇಂಗ್ಲಿಷಿನಲ್ಲಿ ಮಾತ್ರ 2490, ಮೂರನೆಯ ಹಂತ. ಶಾಲೆಯ ಪ್ರಗತಿಪತ್ರದಲ್ಲಿ ಗಣಿತಕ್ಕೆ ಒಳ್ಳೆಯ ಷರಾ ಇದೆ, ಟೀಚರ್ ‘ಚಿಂತೆ ಬೇಡ’ ಎನ್ನುತ್ತಾರೆ. ನನ್ನ ಪತಿಗೆ ಸಮಾಧಾನವಿಲ್ಲ, ತಕ್ಷಣ ಟ್ಯೂಷನ್ನಿಗೆ ಸೇರಿಸೋಣ ಎನ್ನುತ್ತಿದ್ದಾರೆ. ಮನೆಯಲ್ಲಿ ಕನ್ನಡ ಮಾತನಾಡುತ್ತೇವೆ ಎಂದು ಬರೆದುಕೊಟ್ಟದ್ದಕ್ಕೆ ಅವಳಿಗೆ ಪ್ರತಿವರ್ಷ ಇನ್ನೊಂದು ಇಂಗ್ಲಿಷ್ ಪರೀಕ್ಷೆಯೂ ಇದೆ. ಗೆಳತಿಯೊಬ್ಬಳು ‘ಒಂದು ಪತ್ರ ಕೊಟ್ಟು ಪರೀಕ್ಷೆಯನ್ನೇ ತಪ್ಪಿಸಿಬಿಡು’ ಎಂದಳು. ಏನು ಮಾಡುವುದು?

ಉತ್ತರ: ಮೊದಲು ಟ್ಯೂಷನ್ನಿನ ವಿಷಯ, ಏಕೆಂದರೆ ಮನೆಯಲ್ಲಿ ಸದ್ಯ ಹಗ್ಗಜಗ್ಗಾಟ ನಡೆದಿರುವುದು ಅದರ ಮೇಲೆಯೇ ಎಂದು ತೋರುತ್ತದೆ. ಈ ವರದಿಯೊಂದನ್ನೇ ಹಿಡಿದುಕೊಂಡು ಟ್ಯೂಷನ್ನಿಗೆ ಸೇರಿಸಬೇಡಿ. ನೀವು ಬರೆದ ಮೂರು ಅಂಕಿಗಳನ್ನು ಬಿಡಿಸಿ ಓದಿದರೆ ಅಲ್ಲಿ ಹಿಂದೆ ಬೀಳುತ್ತಿರುವ ಹುಡುಗಿ ಕಾಣುವುದಿಲ್ಲ, ಗಡಿಯ ಹತ್ತಿರ ಬರುತ್ತಿರುವ ಹುಡುಗಿ ಕಾಣುತ್ತಾಳೆ. ಹೇಗೆಂದು ಲೆಕ್ಕ ಸಮೇತ ಹೇಳುತ್ತೇನೆ. ಅದಕ್ಕೂ ಮುಂಚೆ ಪಾಸು–ಫೇಲಿನ ಮಾತನ್ನು ಮುಗಿಸಿಬಿಡೋಣ.

ಈ ಪರೀಕ್ಷೆಯಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ. ಪಬ್ಲಿಕ್ ಪರೀಕ್ಷೆ ಎಂದಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಎಸ್ಸೆಸ್ಸೆಲ್ಸಿ: ಹಾಲ್ ಟಿಕೆಟ್, ನೋಂದಣಿ ಸಂಖ್ಯೆ, ನಮ್ಮ ಕಾಲದ ಮೂವತ್ತೈದರ ಗಡಿ, ಪತ್ರಿಕೆಯಲ್ಲಿ ರ‍್ಯಾಂಕ್ ಬಂದವರ ಫೋಟೊ. ಅಲ್ಲಿ ಪರೀಕ್ಷೆ ಬರೆಯುವುದು ಮಗು, ಫಲಿತಾಂಶವೂ ಮಗುವಿನದೇ. ಅಮೆರಿಕದ ರಾಜ್ಯ ಪರೀಕ್ಷೆಗಳಲ್ಲಿ ಬರೆಯುವುದು ಮಗು, ಫಲಿತಾಂಶ ಮುಖ್ಯವಾಗಿ ಶಾಲೆಯದು. ಈ ವ್ಯತ್ಯಾಸ ಮನಸ್ಸಿಗೆ ಇಳಿಯುವವರೆಗೆ ವರದಿಯ ಪ್ರತಿಯೊಂದು ಸಾಲೂ ಬೆದರಿಕೆಯಂತೆಯೇ ಕಾಣುತ್ತದೆ.

ಇದು ಬಂದ ದಾರಿ ಹೀಗಿದೆ. 1965ರಲ್ಲಿ, ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ, ಬಡ ಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ ಕೇಂದ್ರ ಸರ್ಕಾರ ಹಣ ಕೊಡುವ ಕಾನೂನು ಜಾರಿಗೆ ಬಂತು. ಹಣ ಕೊಟ್ಟವರು ‘ಮಕ್ಕಳು ಕಲಿತರೇ?’ ಎಂದು ಕೇಳದೆ ಇರುವುದಿಲ್ಲ. ಆ ಪ್ರಶ್ನೆ ಬಲಿಯುತ್ತ ಬಂದು 2002ರ ಜನವರಿಯಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನಾಯಿತು. ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ, ಹೈಸ್ಕೂಲಿನಲ್ಲಿ ಮತ್ತೊಮ್ಮೆ. 2014ರ ಹೊತ್ತಿಗೆ ದೇಶದ ಮಕ್ಕಳು ನೂರಕ್ಕೆ ನೂರರಷ್ಟು ನಿಗದಿತ ಮಟ್ಟ ಮುಟ್ಟಿರಬೇಕು ಎಂದೂ ಅದರಲ್ಲಿ ಬರೆದಿತ್ತು. ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಅದು ಆಗುವ ಮಾತಲ್ಲ ಎಂದು ಗೊತ್ತಿತ್ತು. ಗುರಿ ಮುಟ್ಟದ ಶಾಲೆಗಳ ಮೇಲೆ ಒತ್ತಡ ಎಷ್ಟರಮಟ್ಟಿಗೆ ಬಿತ್ತೆಂದರೆ, ಅಟ್ಲಾಂಟಾ ನಗರದಲ್ಲಿ ಶಾಲಾ ಸಿಬ್ಬಂದಿಯೇ ಮಕ್ಕಳ ತಪ್ಪು ಉತ್ತರಗಳನ್ನು ಅಳಿಸಿ ಸರಿ ಮಾಡಿದ್ದು ಬಯಲಾಯಿತು. 2015ರಲ್ಲಿ 11 ಮಂದಿ ಅಪರಾಧಿಗಳೆಂದು ನ್ಯಾಯಾಲಯದಲ್ಲಿ ಸಾಬೀತಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಒಬಾಮ ಸಹಿ ಹಾಕಿದ ‘ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾನೂನು ಹಿಂದುಳಿದ ಶಾಲೆಗಳನ್ನು ಏನು ಮಾಡಬೇಕೆಂಬುದನ್ನು ಬಹುಮಟ್ಟಿಗೆ ರಾಜ್ಯಗಳಿಗೆ ಬಿಟ್ಟುಕೊಟ್ಟಿತು, ಪರೀಕ್ಷೆಯನ್ನು ಮಾತ್ರ ಬಿಡಲಿಲ್ಲ. ನಿಮ್ಮ ಮಗಳು ಬರೆದದ್ದು ಅದನ್ನೇ. ಇದು ಸರ್ಕಾರಿ ಶಾಲೆಗಳಿಗೆ, ಅವುಗಳಲ್ಲಿ ಸೇರಿದ, ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳಿಗೆ ಮಾತ್ರ. ಖಾಸಗಿ ಶಾಲೆಯ ಮಕ್ಕಳಿಗೆ ಈ ಕಾನೂನಿನ ಕಡ್ಡಾಯವಿಲ್ಲ.

ಹಾಗಾದರೆ ಮಗುವಿಗೆ ಇದರಿಂದ ಏನೂ ಆಗುವುದಿಲ್ಲವೇ? ಅದು ನೀವಿರುವ ರಾಜ್ಯವನ್ನು ಅವಲಂಬಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಈ ಅಂಕಿಯನ್ನೇ ಹಿಡಿದು ಯಾರೂ ಮಗುವನ್ನು ಅದೇ ತರಗತಿಯಲ್ಲಿ ಕೂರಿಸುವುದಿಲ್ಲ; ಹೈಸ್ಕೂಲು ಮುಗಿಸಲು ಇದ್ದ ಪ್ರತ್ಯೇಕ ಪರೀಕ್ಷೆಯನ್ನೂ 2015ರಲ್ಲೇ ನಿಲ್ಲಿಸಿದರು. ಮಿಸ್ಸಿಸಿಪ್ಪಿ, ಫ್ಲಾರಿಡಾಗಳಲ್ಲಿ ಹಾಗಲ್ಲ. ಮೂರನೆಯ ತರಗತಿಯ ಓದಿನ ಪರೀಕ್ಷೆಯಲ್ಲಿ ತೀರಾ ಕೆಳಗೆ ಬಿದ್ದ ಮಗು, ಕಾನೂನಿನಲ್ಲಿ ಹೇಳಿದ ವಿನಾಯಿತಿಗಳು ಅನ್ವಯಿಸದಿದ್ದರೆ, ಮತ್ತೊಂದು ವರ್ಷ ಮೂರನೆಯ ತರಗತಿಯಲ್ಲೇ ಉಳಿಯುತ್ತದೆ. ಟೆಕ್ಸಸ್ಸಿನಲ್ಲಿ ಕೆಳಗಿನ ತರಗತಿಗಳಿಗೆ ಅಂಥ ನಿಯಮವಿತ್ತು, 2021ರಲ್ಲಿ ತೆಗೆದರು. ಹೈಸ್ಕೂಲಿನಲ್ಲಿ ಮಾತ್ರ ಐದು ವಿಷಯಗಳ ಪರೀಕ್ಷೆ ಇನ್ನೂ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರಕ್ಕೆ ಗಂಟು ಬಿದ್ದಿದೆ. ‘ಸ್ಟಾರ್’ ಎಂಬ ಅಲ್ಲಿನ ರಾಜ್ಯ ಪರೀಕ್ಷೆಯೇ 2027–28ರಿಂದ ಹೋಗಿ, ವರ್ಷಕ್ಕೆ ಮೂರು ಚಿಕ್ಕ ಪರೀಕ್ಷೆಗಳು ಬರಲಿವೆ. ಮಸಾಚುಸೆಟ್ಸಿನಲ್ಲಿ 2024ರ ನವೆಂಬರಿನಲ್ಲಿ ಮತದಾರರೇ ಹೈಸ್ಕೂಲು ಮುಗಿಸಲು ಪರೀಕ್ಷೆಯ ಹಂಗು ಬೇಡವೆಂದು ತೀರ್ಮಾನಿಸಿದರು, ಆದರೆ ಪರೀಕ್ಷೆ ಬರೆಯುವುದು ತಪ್ಪಲಿಲ್ಲ. ಡಲ್ಲಾಸಿನ ನೆಂಟರೋ ಬಾಸ್ಟನ್ನಿನ ಗೆಳೆಯರೋ ಫೋನಿನಲ್ಲಿ ಹೇಳಿದ್ದನ್ನು ನಿಮ್ಮ ಮಗಳಿಗೆ ಅನ್ವಯಿಸಿಕೊಳ್ಳಬೇಡಿ ಎಂಬುದಕ್ಕೇ ಇಷ್ಟೆಲ್ಲ ಹೇಳಿದೆ. ನಾನು ಶಾಲಾ ಜಿಲ್ಲೆಯೊಂದರಲ್ಲಿ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಪರೀಕ್ಷಾ ವರದಿಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನಮ್ಮವರ ಅರ್ಧಕ್ಕರ್ಧ ಗಾಬರಿ ಬೇರೆ ರಾಜ್ಯದ ವಾಟ್ಸ್ಯಾಪ್ ಸಂದೇಶದಿಂದಲೇ ಹುಟ್ಟಿರುತ್ತದೆ.

ಈಗ ಅಂಕಿಗೆ ಬರೋಣ. 2478 ಎಂದರೆ ಎಷ್ಟಕ್ಕೆ 2478? ಅದಕ್ಕೆ ಉತ್ತರವಿಲ್ಲ, ಏಕೆಂದರೆ ಇದು ಇಂತಿಷ್ಟಕ್ಕೆ ಇಂತಿಷ್ಟು ಎಂಬ ಅಂಕವಲ್ಲ. ಕ್ಯಾಲಿಫೋರ್ನಿಯಾ ಮತ್ತು ಇನ್ನು ಕೆಲವು ರಾಜ್ಯಗಳು ‘ಸ್ಮಾರ್ಟರ್ ಬ್ಯಾಲೆನ್ಸ್ಡ್’ ಎಂಬ ಪರೀಕ್ಷೆಯನ್ನು ಹಂಚಿಕೊಂಡಿವೆ. ಅದರಲ್ಲಿ ಮೂರನೆಯ ತರಗತಿಯಿಂದ ಹನ್ನೊಂದನೆಯವರೆಗೆ ಒಂದೇ ಅಳತೆಪಟ್ಟಿ, ಸರಿಸುಮಾರು 2000ದಿಂದ 3000ದ ನಡುವೆ. ಮಗುವಿನ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ವರ್ಷವರ್ಷವೂ ಗೀರು ಹಾಕಿ ಗುರುತಿಸುತ್ತೇವಲ್ಲ, ಹಾಗೆ ಕಳೆದ ವರ್ಷದ ಗುರುತನ್ನೂ ಈ ವರ್ಷದ ಗುರುತನ್ನೂ ನೇರವಾಗಿ ಹೋಲಿಸಬಹುದು. ಗಣಿತದ ಅಂಕಿಯನ್ನು ಇಂಗ್ಲಿಷಿನ ಅಂಕಿಯ ಜೊತೆ ಹೋಲಿಸಬೇಡಿ, ಅವು ಎರಡು ಬೇರೆ ಪಟ್ಟಿಗಳು.

ಪ್ರತಿ ತರಗತಿಗೂ ಈ ಪಟ್ಟಿಯ ಮೇಲೆ ಮೂರು ಗಡಿಗಳನ್ನು ಗುರುತಿಸಿದ್ದಾರೆ. ಅದರಿಂದ ನಾಲ್ಕು ಹಂತಗಳು. ಮೂರನೆಯ ಹಂತ ತಲುಪಿದರೆ ಆ ತರಗತಿಯ ಮಾನದಂಡ ಮುಟ್ಟಿದಂತೆ. ಹಂತಗಳ ಹೆಸರು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆಗಾಗ ಬದಲಾಗುವುದೂ ಉಂಟು. ಹೆಸರಿಗೆ ತಲೆ ಕೆಡಿಸಿಕೊಳ್ಳದೆ ಗಡಿಯನ್ನು ನೋಡಿ. ಗಣಿತದಲ್ಲಿ ಮೂರನೆಯ ತರಗತಿಗೆ ಆ ಗಡಿ 2436, ನಾಲ್ಕನೆಯದಕ್ಕೆ 2485, ಐದನೆಯದಕ್ಕೆ 2528. ಕಳೆದ ವರ್ಷ ನಿಮ್ಮ ಮಗಳು 2419ರಲ್ಲಿದ್ದಳು, ಅಂದರೆ ಗಡಿಗೆ 17 ಕಡಿಮೆ. ಈ ವರ್ಷ 2478, ಗಡಿಗೆ ಬರೀ 7 ಕಡಿಮೆ. ಒಂದು ವರ್ಷದಲ್ಲಿ ಗಡಿ 49 ಏರಿತು, ಅವಳು 59 ಏರಿದಳು. ವರದಿಯ ಬಣ್ಣದ ಪಟ್ಟಿಯಲ್ಲಿ ಎರಡೂ ವರ್ಷ ‘ಎರಡನೆಯ ಹಂತ’ ಎಂದೇ ಅಚ್ಚಾಗಿರುವುದರಿಂದ ಹುಡುಗಿ ನಿಂತಲ್ಲೇ ನಿಂತಿದ್ದಾಳೆ ಎಂದು ನಿಮ್ಮ ಪತಿಗೆ ಅನ್ನಿಸಿದೆ. ನಡೆದಿರುವುದು ಬೇರೆ. ಹೊಸ ದೇಶ, ಹೊಸ ಶಾಲೆ, ಕಂಪ್ಯೂಟರಿನ ಮೇಲೆ ಹೊಸ ಬಗೆಯ ಪರೀಕ್ಷೆ, ಇಷ್ಟರ ನಡುವೆ ಅವಳು ಗಡಿಗಿಂತ ವೇಗವಾಗಿ ನಡೆದಿದ್ದಾಳೆ.

ಇನ್ನೊಂದು ಸಂಗತಿಯನ್ನು ವರದಿಗಳು ಸಣ್ಣ ಅಕ್ಷರದಲ್ಲಿ ಹೇಳಿ ಮುಗಿಸುತ್ತವೆ. ಯಾವ ಪರೀಕ್ಷೆಯೂ ನಿಖರವಾದ ತಕ್ಕಡಿಯಲ್ಲ. ಅದೇ ಮಗು ಮರುವಾರ ಅಂಥದೇ ಬೇರೆ ಪ್ರಶ್ನೆಗಳಿಗೆ ಉತ್ತರಿಸಿದರೆ ಅಂಕಿ ಆಚೀಚೆ ಆಗುತ್ತದೆ. ಈ ಪರೀಕ್ಷೆಯಲ್ಲಿ ಒಬ್ಬ ಮಗುವಿನ ಅಂಕಿಗೆ ಇರುವ ಅಳತೆಯ ದೋಷ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆದ್ದರಿಂದ 2478 ಎಂಬುದನ್ನು ‘2455ರಿಂದ 2500ರ ಒಳಗೆಲ್ಲೋ’ ಎಂದು ಓದಬೇಕು. 2485ರ ಗಡಿ ಆ ವ್ಯಾಪ್ತಿಯ ಒಳಗೇ ಇದೆ. ಅವಳು ಗಡಿಯ ಈಚೆ ಇದ್ದಾಳೋ ಆಚೆ ಇದ್ದಾಳೋ ಎಂಬುದನ್ನು ಈ ಪರೀಕ್ಷೆ ಖಚಿತವಾಗಿ ಹೇಳಲಾರದು, ಆದರೂ ಒಂದು ಪೆಟ್ಟಿಗೆಯೊಳಗೆ ಹಾಕಲೇಬೇಕಾದ್ದರಿಂದ ಹಾಕಿದೆ. ನ್ಯಾಯವಾಗಿ ನೋಡಿದರೆ ನಾನು ಮೇಲೆ ಕೊಂಡಾಡಿದ 59ರ ಏರಿಕೆಗೂ ಇದೇ ಮಾತು ಸಲ್ಲುತ್ತದೆ. ಎರಡು ಅಂಕಿಗಳ ದೋಷ ಸೇರಿ ಅದು ಇನ್ನೂ ಮಸುಕು. ದಿಕ್ಕು ತಿಳಿಯಲು ಕನಿಷ್ಠ ಮೂರು ವರ್ಷಗಳ ಗುರುತು ಬೇಕು. ಐದನೆಯ ತರಗತಿಯ ಕೊನೆಯಲ್ಲಿ ಮತ್ತೆ ನೋಡಿ. 2520ರ ಮೇಲೆ ಬಂದರೆ ಅವಳು ಸರಿಯಾಗಿಯೇ ಸಾಗುತ್ತಿದ್ದಾಳೆ.

ಆ ಗಡಿಗಳೇನೂ ಆಕಾಶದಿಂದ ಇಳಿದು ಬಂದವಲ್ಲ. ಶಿಕ್ಷಕರನ್ನೂ ವಿಷಯ ತಜ್ಞರನ್ನೂ ಸೇರಿಸಿ, ಪ್ರಶ್ನೆಗಳನ್ನು ಸುಲಭದಿಂದ ಕಠಿಣದ ಕಡೆಗೆ ಜೋಡಿಸಿದ ಪುಸ್ತಕವೊಂದನ್ನು ಅವರ ಮುಂದಿಡುತ್ತಾರೆ. ಮಾನದಂಡ ಮುಟ್ಟಿದ ಮಗು ಎಲ್ಲಿಯವರೆಗೆ ಉತ್ತರಿಸಬಲ್ಲದು ಎಂದು ಯೋಚಿಸಿ ಅವರು ಆ ಪುಟಕ್ಕೆ ಗುರುತಿನ ಚೀಟಿ ಇಡುತ್ತಾರೆ. ಚರ್ಚೆ ನಡೆಯುತ್ತದೆ, ಚೀಟಿ ಹಿಂದೆ ಮುಂದೆ ಸರಿಯುತ್ತದೆ, ಕೊನೆಗೆ ರಾಜ್ಯ ಒಪ್ಪಿಗೆ ಕೊಡುತ್ತದೆ. ಬೇರೆ ರಾಜ್ಯದ ಸಮಿತಿ ಬೇರೆ ಪುಟದಲ್ಲಿ ಚೀಟಿ ಇಡುತ್ತದೆ. ಒಂದು ರಾಜ್ಯದಲ್ಲಿ ‘ಮಟ್ಟ ಮುಟ್ಟಿದ’ ಮಗು ಪಕ್ಕದ ರಾಜ್ಯಕ್ಕೆ ಹೋದರೆ ‘ಮುಟ್ಟದ’ ಮಗುವಾಗಬಹುದು, ಅದರ ಗಣಿತ ಎಳ್ಳಷ್ಟೂ ಬದಲಾಗಿರುವುದಿಲ್ಲ.

ಪರೀಕ್ಷೆ ನಡೆಯುವ ಬಗೆಯನ್ನೂ ತಿಳಿದಿರಬೇಕು, ಇಲ್ಲದಿದ್ದರೆ ಮಗು ಮನೆಗೆ ಬಂದು ಹೇಳುವ ಮಾತು ಅರ್ಥವಾಗುವುದಿಲ್ಲ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಅಲ್ಲ. ಸರಿ ಉತ್ತರ ಕೊಟ್ಟರೆ ಕಂಪ್ಯೂಟರು ಮುಂದೆ ಇನ್ನಷ್ಟು ಕಠಿಣವಾದದ್ದನ್ನು ಕೊಡುತ್ತದೆ, ತಪ್ಪಿದರೆ ತುಸು ಸುಲಭವಾದದ್ದನ್ನು. ಹೀಗಾಗಿ ಜಾಣ ಮಗುವೂ ಹಲವು ಪ್ರಶ್ನೆಗಳಲ್ಲಿ ಎಡವಿಯೇ ಹೊರಗೆ ಬರುತ್ತದೆ. ‘ತುಂಬಾ ಕಷ್ಟ ಇತ್ತಮ್ಮ, ಅರ್ಧ ಗೊತ್ತೇ ಇರಲಿಲ್ಲ’ ಎಂದು ಮಗಳು ಹೇಳಿದರೆ ಅದು ಕೆಟ್ಟ ಸುದ್ದಿಯೇ ಆಗಿರಬೇಕಿಲ್ಲ. ಅವಳ ಮಟ್ಟದ ಅಂಚನ್ನು ಕಂಪ್ಯೂಟರು ಹುಡುಕುತ್ತಿತ್ತು ಅಷ್ಟೆ. ಇದಕ್ಕೆ ಗಂಟೆಯ ಗಡುವೂ ಇಲ್ಲ. ಬೇಗ ಮುಗಿಸಿದವರಿಗೆ ಹೆಚ್ಚು ಅಂಕವಿಲ್ಲ. ವೇಗವೇ ಜಾಣತನ ಎಂದು ಬೆಳೆದ ಮಕ್ಕಳು ಇಲ್ಲಿ ಅವಸರದಿಂದಲೇ ಅಂಕ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ‘ನಿಧಾನವಾಗಿ ಮಾಡು, ಯಾರೂ ಓಡಿಸುವುದಿಲ್ಲ’ ಎಂಬ ಒಂದು ಮಾತನ್ನು ಮಾತ್ರ ಪರೀಕ್ಷೆಯ ಹಿಂದಿನ ದಿನ ಹೇಳಿ ಕಳಿಸಿ.

ಇನ್ನು ವರದಿಯ ಎರಡನೆಯ ಪುಟ. ನಿಜವಾಗಿ ಉಪಯೋಗಕ್ಕೆ ಬರುವುದು ಅದೇ, ಯಾರೂ ತೆರೆಯದೇ ಇರುವುದೂ ಅದನ್ನೇ. ಗಣಿತವನ್ನು ಅಲ್ಲಿ ಒಳಗೆ ಬಿಡಿಸಿ ಕೊಟ್ಟಿರುತ್ತಾರೆ: ಪರಿಕಲ್ಪನೆಗಳು ಮತ್ತು ಲೆಕ್ಕ ಮಾಡುವ ವಿಧಾನ ಒಂದು ಕಡೆ, ಸಮಸ್ಯೆ ಬಿಡಿಸುವುದು, ತನ್ನ ತರ್ಕವನ್ನು ವಿವರಿಸುವುದು ಇನ್ನೊಂದು ಕಡೆ. ಒಂದೊಂದಕ್ಕೂ ಮಾನದಂಡಕ್ಕಿಂತ ಮೇಲೆ, ಹತ್ತಿರ, ಕೆಳಗೆ ಎಂಬ ಗುರುತು. ನಿಮ್ಮ ಪತ್ರದಲ್ಲಿ ಇದರ ಮಾತಿಲ್ಲ. ಆದರೂ ಊಹಿಸುವುದಾದರೆ ಅವಳು ಮೊದಲನೆಯದರಲ್ಲಿ ಚೆನ್ನಾಗಿದ್ದು ಎರಡನೆಯದರಲ್ಲಿ ತೊಡರಿರಬೇಕು. ಭಾರತದಿಂದ ಬಂದ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಅದನ್ನೇ. ಒಂದು ಉದಾಹರಣೆ ನೋಡಿ, ನಾನೇ ಕಟ್ಟಿದ್ದು:

‘ಮುಕ್ಕಾಲು, ಮೂರನೇ ಎರಡಕ್ಕಿಂತ ದೊಡ್ಡದು, ಏಕೆಂದರೆ 3 ಮತ್ತು 4 ಎಂಬ ಅಂಕಿಗಳು 2 ಮತ್ತು 3ಕ್ಕಿಂತ ದೊಡ್ಡವು’ ಎಂದು ಒಬ್ಬ ಹುಡುಗ ಹೇಳುತ್ತಾನೆ. ಅವನ ಕಾರಣ ಸರಿಯೇ? ವಿವರಿಸು.

3/4 ಎಂಬುದು 2/3ಕ್ಕಿಂತ ದೊಡ್ಡದೇ. ಉತ್ತರ ಸರಿ, ಕಾರಣ ತಪ್ಪು. ಲಘುತಮ ಅಪವರ್ತ್ಯ ತೆಗೆದು, 9/12 ಮತ್ತು 8/12 ಎಂದು ಬರೆದು, ‘ಹೌದು, ದೊಡ್ಡದು’ ಎಂದು ಮುಗಿಸುವ ಮಗುವಿಗೆ ಇಲ್ಲಿ ಪೂರ್ತಿ ಅಂಕ ಸಿಗುವುದಿಲ್ಲ. ಪ್ರಶ್ನೆ ಇರುವುದು ಹುಡುಗನ ಕಾರಣದ ಬಗ್ಗೆ. 5/8 ತೆಗೆದುಕೋ, 5 ಮತ್ತು 8 ಎರಡೂ 3 ಮತ್ತು 4ಕ್ಕಿಂತ ದೊಡ್ಡ ಅಂಕಿಗಳು, ಆದರೂ 5/8 ಮುಕ್ಕಾಲಿಗಿಂತ ಚಿಕ್ಕದು. ಆದ್ದರಿಂದ ಅವನ ಕಾರಣ ನಿಲ್ಲುವುದಿಲ್ಲ ಎಂದು ತೋರಿಸಬೇಕು. ನಮ್ಮ ಮಕ್ಕಳಿಗೆ ಲೆಕ್ಕ ಬರುತ್ತದೆ. ತಪ್ಪು ಕಾರಣವನ್ನು ಹಿಡಿದು ಬೀಳಿಸುವ ಅಭ್ಯಾಸ ಇರುವುದಿಲ್ಲ, ಏಕೆಂದರೆ ಅದನ್ನು ಯಾರೂ ಅವರಿಂದ ಕೇಳಿಲ್ಲ.

ಟ್ಯೂಷನ್ನಿನ ಬಗ್ಗೆ ನನ್ನ ಆಕ್ಷೇಪ ಇರುವುದು ಇಲ್ಲಿ. ಹಾಳೆ ಹಾಳೆ ಲೆಕ್ಕ ಮಾಡಿಸುವ ಕೇಂದ್ರಗಳು ಅವಳಿಗೆ ಈಗಾಗಲೇ ಬರುವುದನ್ನೇ ಇನ್ನಷ್ಟು ವೇಗವಾಗಿ ಮಾಡಿಸುತ್ತವೆ. ಎರಡನೆಯ ಪುಟದಲ್ಲಿ ನನ್ನ ಊಹೆ ನಿಜವೆಂದು ಕಂಡರೆ ಅವಳಿಗೆ ಬೇಕಿರುವುದು ಮಾತು. ಹೋಮ್‌ವರ್ಕಿನಲ್ಲಿ ಸರಿಯಾಗಿ ಮಾಡಿದ ಒಂದು ಲೆಕ್ಕವನ್ನು ಹಿಡಿದು ‘ಇದು ಯಾಕೆ ಹೀಗೆ?’ ಎಂದು ಕೇಳಿ. ಒಮ್ಮೊಮ್ಮೆ ನೀವೇ ಬೇಕೆಂದು ತಪ್ಪು ವಾದ ಹೂಡಿ, ಅವಳು ನಿಮ್ಮನ್ನು ಸೋಲಿಸಲಿ. ಕನ್ನಡದಲ್ಲೇ ಮಾಡಿ, ತೊಂದರೆಯಿಲ್ಲ. ತರ್ಕ ಒಂದು ಭಾಷೆಯಲ್ಲಿ ಗಟ್ಟಿಯಾದರೆ ಇನ್ನೊಂದಕ್ಕೆ ದಾಟುತ್ತದೆ. ಊಹೆ ತಪ್ಪಾಗಿ, ಪರಿಕಲ್ಪನೆಗಳ ಭಾಗವೇ ‘ಕೆಳಗೆ’ ಎಂದಿದ್ದರೆ ಆಗ ವಿಷಯ ಬೇರೆ. ಯಾವ ಪಾಠದಲ್ಲಿ ತೊಡಕು ಎಂದು ಶಿಕ್ಷಕಿಯನ್ನು ಕೇಳಿ, ಅದಕ್ಕೆ ಸಹಾಯ ಕೊಡಿಸಿ, ಅದು ಟ್ಯೂಷನ್ನೇ ಆದರೂ ಸರಿ.

ಪ್ರಗತಿಪತ್ರ ಚೆನ್ನಾಗಿದೆ, ರಾಜ್ಯದ ವರದಿ ಕೆಳಗಿದೆ, ಯಾವುದನ್ನು ನಂಬುವುದು ಎಂಬ ಗೊಂದಲವೂ ನಿಮಗಿದೆ. ಶಿಕ್ಷಕಿ ವರ್ಷವಿಡೀ ನೋಡಿದ್ದಾರೆ, ಅವರ ಷರಾದಲ್ಲಿ ಶ್ರದ್ಧೆ, ಹೋಮ್‌ವರ್ಕು, ತರಗತಿಯಲ್ಲಿ ಭಾಗವಹಿಸುವಿಕೆ ಎಲ್ಲ ಬೆರೆತಿರುತ್ತವೆ. ಪರೀಕ್ಷೆ ಕೆಲವೇ ಗಂಟೆ ನೋಡಿದೆ, ಆದರೆ ರಾಜ್ಯದ ಎಲ್ಲ ಮಕ್ಕಳನ್ನೂ ಒಂದೇ ಕಣ್ಣಿನಿಂದ ನೋಡಿದೆ. ಏಳು ಅಂಕದ ಅಂತರವಿದ್ದಾಗ ಶಿಕ್ಷಕಿಯ ಮಾತಿಗೆ ಹೆಚ್ಚು ತೂಕ ಕೊಡಿ. ಪ್ರಗತಿಪತ್ರದಲ್ಲಿ ಹೊಗಳಿಕೆಯ ಸುರಿಮಳೆಯಿದ್ದು ರಾಜ್ಯದ ಪರೀಕ್ಷೆಯಲ್ಲಿ ಸತತ ಎರಡು ವರ್ಷ ಮೊದಲನೆಯ ಹಂತವೇ ಬಂದಿದ್ದರೆ ಆಗ ನಾನೂ ನಿಮ್ಮ ಪತಿಯ ಪಕ್ಷ ವಹಿಸುತ್ತಿದ್ದೆ. ಮೆದು ಮಾತಿನ ಷರಾಗಳ ಹಿಂದೆ ನಿಜವಾದ ಕೊರತೆ ಅಡಗಿಕೊಳ್ಳುವುದುಂಟು, ಅದನ್ನು ಹೊರಗೆ ತರುವುದೇ ಈ ಪರೀಕ್ಷೆಯಿಂದ ಪೋಷಕರಿಗೆ ಆಗುವ ದೊಡ್ಡ ಉಪಕಾರ.

ಶಾಲೆಯಿಂದ ಬರುವ ಎಲ್ಲ ಅಂಕಿಗಳೂ ರಾಜ್ಯ ಪರೀಕ್ಷೆಯವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಬರುವ ‘ಮ್ಯಾಪ್’ ಅಥವಾ ‘ಐ-ರೆಡಿ’ ಶಾಲೆಯೋ ಜಿಲ್ಲೆಯೋ ಕೊಂಡ ಪರೀಕ್ಷೆಗಳು. ಅಲ್ಲಿ 62ನೇ ಪರ್ಸೆಂಟೈಲ್ ಎಂದಿದ್ದರೆ ನೂರಕ್ಕೆ 62 ಬಂತೆಂದಲ್ಲ, ಅದೇ ತರಗತಿಯ ನೂರು ಮಕ್ಕಳಲ್ಲಿ 62 ಮಂದಿಯ ಸಮಕ್ಕೆ ಅಥವಾ ಅವರಿಗಿಂತ ಮುಂದೆ ಇದ್ದಾಳೆಂದು. ‘ಕಾಗ್ಯಾಟ್’ ಪ್ರತಿಭಾವಂತ ಮಕ್ಕಳ ಕಾರ್ಯಕ್ರಮಕ್ಕೆ ಆಯ್ಕೆ ಮಾಡಲು ಬಳಸುವಂಥದು. ಸುದ್ದಿಯಲ್ಲಿ ‘ನೇಷನ್ಸ್ ರಿಪೋರ್ಟ್ ಕಾರ್ಡ್’ ಎಂದು ಬರುವುದು 1969ರಿಂದ ನಡೆದು ಬಂದಿರುವ ಬೇರೆಯೇ ಪರೀಕ್ಷೆ; ಆಯ್ದ ಕೆಲವು ಮಕ್ಕಳು ಮಾತ್ರ ಬರೆಯುತ್ತಾರೆ, ಯಾವ ಮಗುವಿಗೂ ಅಂಕ ಬರುವುದಿಲ್ಲ.

ನಿಮ್ಮ ಮಗಳ ಅಂಕಿ ಶಾಲೆಯದೆಂದು ಹೇಳಿದೆನಲ್ಲ, ಅದು ಹೋಗುವ ದಾರಿ ಹೀಗೆ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಮಗು ಗಡಿಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಲೆಕ್ಕ ಹಾಕಿ, ಇಡೀ ಶಾಲೆಯ ಸರಾಸರಿ ತೆಗೆಯುತ್ತಾರೆ. ನಿಮ್ಮ ಮಗಳ ಪಾಲು ಅಲ್ಲಿ ‘ಮೈನಸ್ 7’. ಆ ಸರಾಸರಿ ಮತ್ತು ಅದು ಹಿಂದಿನ ವರ್ಷಕ್ಕಿಂತ ಏರಿತೋ ಇಳಿಯಿತೋ ಎಂಬುದು ಸೇರಿ ರಾಜ್ಯದ ಫಲಕದಲ್ಲಿ ಶಾಲೆಗೆ ಕೆಂಪಿನಿಂದ ನೀಲಿಯವರೆಗೆ ಒಂದು ಬಣ್ಣ ಸಿಗುತ್ತದೆ. ಭಾಷೆ, ಜನಾಂಗ, ಬಡತನ, ಅಂಗವೈಕಲ್ಯ ಹೀಗೆ ಗುಂಪುಗಳನ್ನು ಬಿಡಿಸಿಯೂ ತೋರಿಸುತ್ತಾರೆ. ನನಗೆ ಈ ಪರೀಕ್ಷೆಯ ಮೇಲೆ ಎಷ್ಟೇ ಸಿಟ್ಟಿದ್ದರೂ ಈ ಒಂದು ಕಾರಣಕ್ಕೆ ಅದನ್ನು ಪೂರ್ತಿ ತಳ್ಳಿಹಾಕಲಾರೆ. ಸರಾಸರಿ ಚೆನ್ನಾಗಿರುವ ಶಾಲೆಗಳು ತಮ್ಮ ಮೂಲೆಯ ಮಕ್ಕಳನ್ನು ಮರೆತುಬಿಡುವುದು ಮೊದಲು ಬಹಳ ಸುಲಭವಿತ್ತು.

ಆ ಅಂಕಿಗಳು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮನೆ ಮಾರುವ ಜಾಲತಾಣಗಳಲ್ಲಿ ಶಾಲೆಯ ಹೆಸರಿನ ಪಕ್ಕ ‘ಹತ್ತಕ್ಕೆ ಒಂಬತ್ತು’ ಎಂದು ತೋರಿಸುತ್ತಾರಲ್ಲ, ಅದಕ್ಕೂ ಬಹುಪಾಲು ಇದೇ ಪರೀಕ್ಷೆಗಳ ಅಂಕಿಯೇ ಆಧಾರ. ಆ ಒಂಬತ್ತಕ್ಕಾಗಿ ನಮ್ಮವರು ಜೀವಮಾನದ ಸಾಲ ಮಾಡುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಷಾನ್ ರಿಯರ್ಡನ್ ದೇಶದ ಶಾಲಾ ಜಿಲ್ಲೆಗಳ ಇಂಥ ಅಂಕಿಗಳನ್ನು ಒಟ್ಟುಹಾಕಿ ತೋರಿಸಿರುವುದು ಇದನ್ನು: ಸರಾಸರಿ ಅಂಕ ಪೋಷಕರ ಆದಾಯ ಮತ್ತು ವಿದ್ಯಾಭ್ಯಾಸಕ್ಕೆ ಬಲವಾಗಿ ಅಂಟಿಕೊಂಡಿದೆ, ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಕಲಿಯುತ್ತಾರೆ ಎಂಬುದು ಅಷ್ಟಾಗಿ ಅಂಟಿಕೊಂಡಿಲ್ಲ. ಶಾಲೆ ಹುಡುಕುವಾಗ ಆ ಎರಡನೆಯ ಅಂಕಿ, ಅಂದರೆ ವಾರ್ಷಿಕ ಬೆಳವಣಿಗೆ, ಎಲ್ಲಿದೆ ಎಂದು ನೋಡಿ. ಅದು ಚೆನ್ನಾಗಿದ್ದು ಒಟ್ಟು ಅಂಕ ಸಾಧಾರಣವಾಗಿರುವ ಶಾಲೆ ಎಷ್ಟೋ ಸಲ ಒಂಬತ್ತರ ಶಾಲೆಗಿಂತ ಹೆಚ್ಚು ದುಡಿಯುತ್ತಿರುತ್ತದೆ.

ಪರೀಕ್ಷೆ ತಪ್ಪಿಸುವ ಮಾತು. ನಿಮ್ಮ ಗೆಳತಿ ಹೇಳಿದ್ದು ಸುಳ್ಳಲ್ಲ. ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆಯ 60615ನೇ ವಿಧಿಯ ಪ್ರಕಾರ ಪೋಷಕರು ಲಿಖಿತವಾಗಿ ಕೇಳಿದರೆ ಮಗುವನ್ನು ಈ ಪರೀಕ್ಷೆಯಿಂದ ಬಿಡಲೇಬೇಕು. ಟೆಕ್ಸಸ್ಸಿನ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ನ್ಯೂಯಾರ್ಕಿನಲ್ಲಿ 2015ರಲ್ಲಿ ಅರ್ಹ ಮಕ್ಕಳಲ್ಲಿ ಸುಮಾರು 20% ಮಂದಿ ಬರೆಯದೆ ಪ್ರತಿಭಟಿಸಿದ್ದರು. ಮಗುವಿಗೆ ತೀವ್ರವಾದ ಆತಂಕದ ಸಮಸ್ಯೆ ಇದ್ದರೆ ನಾನೇ ಆ ಪತ್ರ ಬರೆಯಲು ಹೇಳುತ್ತಿದ್ದೆ. ಅಂಕ ಕಡಿಮೆ ಬಂದೀತು ಎಂಬ ಕಾರಣಕ್ಕಾದರೆ ಬೇಡ. ಶಾಲೆಯ 95% ಮಕ್ಕಳು ಬರೆಯಬೇಕೆಂಬ ಕೇಂದ್ರದ ನಿಯಮವಿದೆ. ಬರೆಯದವರು 5%ಕ್ಕಿಂತ ಹೆಚ್ಚಾದರೆ ಶಾಲೆಯ ಲೆಕ್ಕಕ್ಕೆ ಪೆಟ್ಟು ಬೀಳುತ್ತದೆ. ನಿಮಗಂತೂ ಐದನೆಯ ತರಗತಿಯ ಮೂರನೆಯ ಗುರುತು ಬೇಕೇ ಬೇಕು. ಇನ್ನೂ ಒಂದು ಕಾರಣವಿದೆ, ಅದು ನಿಮ್ಮ ಕನ್ನಡದ ಪ್ರಶ್ನೆಗೆ ಸೇರಿದ್ದು.

ಶಾಲೆಗೆ ಸೇರಿಸುವಾಗ ನೀವು ತುಂಬಿದ ಮನೆಭಾಷೆಯ ಅರ್ಜಿಯಲ್ಲಿ ನಾಲ್ಕು ಪ್ರಶ್ನೆಗಳಿದ್ದವು: ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವುದು ಯಾವುದು, ನೀವು ಮಗುವಿನ ಜೊತೆ ಆಡುವುದು ಯಾವುದು, ಮನೆಯ ದೊಡ್ಡವರು ಆಡುವುದು ಯಾವುದು. ಮೊದಲ ಮೂರರಲ್ಲಿ ಯಾವುದಕ್ಕೇ ಇಂಗ್ಲಿಷಲ್ಲದ ಉತ್ತರ ಬಂದರೂ 30 ದಿನಗಳೊಳಗೆ, ಇಂಗ್ಲಿಷ್ ಎಷ್ಟು ಬರುತ್ತದೆಂದು ಅಳೆಯುವ ಆರಂಭಿಕ ‘ಎಲ್‌ಪ್ಯಾಕ್’ ಪರೀಕ್ಷೆ. ಅದರಲ್ಲಿ ಇಂಗ್ಲಿಷ್ ಸಾಲದೆಂದು ಕಂಡರೆ ಮಗು ‘ಇಂಗ್ಲಿಷ್ ಕಲಿಯುತ್ತಿರುವವರ’ ಪಟ್ಟಿಗೆ ಸೇರುತ್ತದೆ, ಆ ಪಟ್ಟಿಯಿಂದ ಹೊರಬರುವವರೆಗೆ ವರ್ಷಕ್ಕೊಮ್ಮೆ, ಫೆಬ್ರವರಿಯಿಂದ ಮೇ ತಿಂಗಳೊಳಗೆ, ಮತ್ತೆ ಪರೀಕ್ಷೆ. ಟೆಕ್ಸಸ್ಸಿನಲ್ಲಿ ಇದು ‘ಟೆಲ್‌ಪಾಸ್’, ಬಹಳಷ್ಟು ಇತರ ರಾಜ್ಯಗಳಲ್ಲಿ ‘ವೀಡಾ ಆ್ಯಕ್ಸೆಸ್’. ಇದಕ್ಕೆ ವಿನಾಯಿತಿ ಪತ್ರ ನಡೆಯುವುದಿಲ್ಲ, ಇದು ಕೇಂದ್ರ ಕಾನೂನಿನ ಕಡ್ಡಾಯ.

‘ಇಂಗ್ಲಿಷ್ ಎಂದು ಬರೆದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ’ ಎಂದು ಎಷ್ಟೋ ಮನೆಗಳಲ್ಲಿ ಪಿಸುಗುಟ್ಟುತ್ತಾರೆ. ಸುಳ್ಳು ಬರೆಯಲಿಲ್ಲವೆಂದು ಕೊರಗಬೇಡಿ. ಸಹಾಯ ಬೇಕಿದ್ದ ಮಗುವಿಗೆ ಆ ಪಟ್ಟಿಯಿಂದ ಪ್ರತಿದಿನ ಇಂಗ್ಲಿಷ್ ಭಾಷೆಯ ವಿಶೇಷ ಪಾಠ ಸಿಗುತ್ತದೆ, ಅದೂ ಶಾಲೆಯ ಖರ್ಚಿನಲ್ಲಿ. ತೊಂದರೆ ಇರುವುದು ಸೇರುವುದರಲ್ಲಲ್ಲ, ಹೊರಬರಬೇಕಾದಾಗ ಬಾರದೆ ಉಳಿಯುವುದರಲ್ಲಿ. ಮಿಡ್ಲ್ ಸ್ಕೂಲಿಗೆ ಹೋದ ಮೇಲೂ ಪಟ್ಟಿಯಲ್ಲೇ ಉಳಿದ ಮಕ್ಕಳಿಗೆ ಸಂಗೀತವೋ ಚಿತ್ರಕಲೆಯೋ ಕಲಿಯುವ ಅವಧಿಯಲ್ಲಿ ಇಂಗ್ಲಿಷ್ ಪಾಠ ಬಂದು ಕೂರುವುದುಂಟು.

ಹೊರಬರಲು ನಾಲ್ಕು ಸಂಗತಿಗಳನ್ನು ನೋಡುತ್ತಾರೆ: ಎಲ್‌ಪ್ಯಾಕ್‌ನಲ್ಲಿ ಒಟ್ಟು ನಾಲ್ಕನೆಯ ಹಂತ, ಶಿಕ್ಷಕರ ಮೌಲ್ಯಮಾಪನ, ಪೋಷಕರ ಅಭಿಪ್ರಾಯ, ಮತ್ತು ಇಂಗ್ಲಿಷೇ ಮಾತೃಭಾಷೆಯಾದ ಮಕ್ಕಳ ಜೊತೆ ಹೋಲಿಸಿದಾಗ ಮೂಲಭೂತ ಕೌಶಲ. ಈ ಕೊನೆಯದಕ್ಕೆ ಹಲವು ಜಿಲ್ಲೆಗಳು ರಾಜ್ಯ ಪರೀಕ್ಷೆಯ ಇಂಗ್ಲಿಷ್ ಅಂಕಿಯನ್ನು ಒಪ್ಪುತ್ತವೆ. ನಾಲ್ಕನೆಯ ತರಗತಿಗೆ ಆ ಗಡಿ 2473, ನಿಮ್ಮ ಮಗಳದು 2490. ಗಣಿತದ ಏಳು ಅಂಕದ ಗಲಾಟೆಯಲ್ಲಿ ಮನೆಯಲ್ಲಿ ಯಾರೂ ಗಮನಿಸದೇ ಹೋದ ಅಂಕಿ ಇದು. ಶಾಲೆ ಕರೆಯಲೆಂದು ಕಾಯಬೇಡಿ. ತರಗತಿಗಳು ಶುರುವಾದ ಮೇಲೆ ಪ್ರಾಂಶುಪಾಲರಿಗೆ ಒಂದು ಇಮೇಲ್ ಬರೆದು ಮೂರು ವಿಷಯ ಕೇಳಿ: ಮಗಳ ಇತ್ತೀಚಿನ ಎಲ್‌ಪ್ಯಾಕ್ ಒಟ್ಟು ಹಂತ ಎಷ್ಟು, ಮೂಲಭೂತ ಕೌಶಲಕ್ಕೆ ನಿಮ್ಮ ಜಿಲ್ಲೆ ಯಾವ ಪರೀಕ್ಷೆಯನ್ನು ಒಪ್ಪುತ್ತದೆ, ಮರುವರ್ಗೀಕರಣದ, ಅಂದರೆ ಆ ಪಟ್ಟಿಯಿಂದ ಹೊರತರುವ, ಸಭೆ ಯಾವಾಗ. ಹೊರಬಂದ ಮೇಲೆಯೂ ನಾಲ್ಕು ವರ್ಷ ಶಾಲೆ ಅವಳ ಪ್ರಗತಿಯ ಮೇಲೆ ಕಣ್ಣಿಟ್ಟಿರಬೇಕು, ಅದೂ ಕಾನೂನಿನಲ್ಲೇ ಇದೆ. ಆ ಬಗ್ಗೆಯೂ ಅದೇ ಇಮೇಲಿನಲ್ಲಿ ವಿಚಾರಿಸಿಟ್ಟುಕೊಳ್ಳಿ.